ಟ್ರ್ಯಾಕ್ಷನ್ ಕಂಟ್ರೋಲ್ ಯಾವಾಗ ಆಫ್, ಸ್ಪೋರ್ಟ್ ಮೋಡ್ ಯಾವಾಗ ಆನ್: ಕಾಸರಗೋಡಿನ ರಸ್ತೆಗಳಲ್ಲಿ ಕಾರು ಓಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ತಲಪಾಡಿಯಿಂದ ಚೆಂಗಳದವರೆಗೆ ಷಟ್ಪಥ ಹೆದ್ದಾರಿ. ಅಲ್ಲಿಂದ ಒಳಗೆ ತಿರುಗಿದರೆ ಎರಡು ಕಾರು ಎದುರಾದಾಗ ಒಂದು ಬದಿಗೆ ಇಳಿಯಲೇಬೇಕಾದ ಡಾಮರು ದಾರಿ. ಅದರ ಕೊನೆಗೆ ಅಡಿಕೆ ತೋಟದ ಮನೆಗೆ ಇಳಿಯುವ, ಹಾವಸೆ ಕಟ್ಟಿದ ಕಾಂಕ್ರೀಟ್ ಇಳಿಜಾರು. ಇಲ್ಲಿನ ಕಾರು ಒಂದೇ ದಿನ ಈ ಮೂರನ್ನೂ ದಾಟುತ್ತದೆ. ಆದ್ದರಿಂದ ಡ್ಯಾಶ್‌ಬೋರ್ಡಿನ ಗುಂಡಿಗಳ ಬಗ್ಗೆ ಬರುವ ಪ್ರಶ್ನೆಗಳಿಗೆ ಈ ದಾರಿಗಳನ್ನೇ ಎದುರಿಗಿಟ್ಟುಕೊಂಡು ಉತ್ತರಿಸಿದ್ದೇವೆ.

ಟ್ರ್ಯಾಕ್ಷನ್ ಕಂಟ್ರೋಲ್ ನಿಜವಾಗಿ ಏನು ಮಾಡುತ್ತದೆ?

ನಾಲ್ಕೂ ಚಕ್ರಗಳ ಹತ್ತಿರ ಒಂದೊಂದು ವೇಗ ಸೆನ್ಸರ್ ಇರುತ್ತದೆ. ಬ್ರೇಕ್ ಹಾಕಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ಎ.ಬಿ.ಎಸ್.ಗೂ ಇದೇ ಸೆನ್ಸರ್. ಎಂಜಿನ್ ತಿರುಗಿಸುವ ಚಕ್ರ ಉಳಿದವಕ್ಕಿಂತ ವೇಗವಾಗಿ ತಿರುಗಿದರೆ ಅದು ನೆಲದ ಹಿಡಿತ ಬಿಟ್ಟು ಸುಮ್ಮನೆ ಸುತ್ತುತ್ತಿದೆ ಎಂದು ಕಂಪ್ಯೂಟರಿಗೆ ಗೊತ್ತಾಗುತ್ತದೆ. ಆಗ ಅದು ಎರಡು ಕೆಲಸ ಮಾಡುತ್ತದೆ: ನೀವು ಆಕ್ಸಿಲರೇಟರ್ ಒತ್ತಿದ್ದರೂ ಎಂಜಿನ್ನಿನ ಬಲ ತಗ್ಗಿಸುತ್ತದೆ, ಮತ್ತು ಸುತ್ತುತ್ತಿರುವ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ.

ಎರಡನೆಯದರ ಮಹತ್ವ ಅನೇಕರಿಗೆ ತಿಳಿದಿಲ್ಲ. ಎಂಜಿನ್ನಿನ ಬಲವನ್ನು ಎಡಬಲ ಚಕ್ರಗಳಿಗೆ ಹಂಚುವ ಸಾಮಾನ್ಯ ಡಿಫರೆನ್ಷಿಯಲ್ ಎರಡಕ್ಕೂ ಸಮಾನ ತಿರುಚುಬಲ ಕೊಡುತ್ತದೆ. ಒಂದು ಚಕ್ರ ಕೆಸರಿನಲ್ಲಿದ್ದು ಸುಲಭವಾಗಿ ಸುತ್ತುತ್ತಿದ್ದರೆ, ಗಟ್ಟಿ ನೆಲದಲ್ಲಿರುವ ಚಕ್ರಕ್ಕೂ ಅಷ್ಟೇ ಅಲ್ಪ ಬಲ ಸಿಗುತ್ತದೆ. ಸುತ್ತುವ ಚಕ್ರವನ್ನು ಬ್ರೇಕಿನಿಂದ ಹಿಡಿದಾಗ ಗಟ್ಟಿ ನೆಲದ ಚಕ್ರಕ್ಕೆ ಬಲ ಸೇರಿ ಕಾರು ಮುಂದೆ ಸಾಗುತ್ತದೆ.

ಎ.ಬಿ.ಎಸ್. 1978ರಲ್ಲಿ, ಟ್ರ್ಯಾಕ್ಷನ್ ಕಂಟ್ರೋಲ್ 1980ರ ದಶಕದ ನಡುವಿನಲ್ಲಿ, ಕಾರು ಅಡ್ಡ ಜಾರುವುದನ್ನು ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ 1995ರಲ್ಲಿ ಬಂದವು. ಮೂರೂ ಅದೇ ವೇಗ ಸೆನ್ಸರುಗಳ ಮತ್ತು ಒಂದೇ ಹೈಡ್ರಾಲಿಕ್ ಘಟಕದ ಮೇಲೆ ನಿಂತಿವೆ. ಚಕ್ರದ ಒಂದು ವೇಗ ಸೆನ್ಸರ್ ಕೆಟ್ಟರೆ ಮೂರರ ದೀಪವೂ ಒಟ್ಟಿಗೇ ಹೊತ್ತುವುದು ಇದರಿಂದಲೇ. ಸ್ಟೆಬಿಲಿಟಿ ಕಂಟ್ರೋಲಿಗೆ ಮಾರುತಿಯಲ್ಲಿ ಇ.ಎಸ್.ಪಿ., ಹ್ಯುಂಡೈಯಲ್ಲಿ ಇ.ಎಸ್.ಸಿ., ಹೋಂಡಾದಲ್ಲಿ ವಿ.ಎಸ್.ಎ., ಟೊಯೋಟಾದಲ್ಲಿ ವಿ.ಎಸ್.ಸಿ. ಎನ್ನುತ್ತಾರೆ, ಕೆಲಸ ಒಂದೇ.

ಇದ್ದ ಹಿಡಿತವನ್ನು ಪೋಲಾಗದಂತೆ ಬಳಸುವುದಷ್ಟೇ ಈ ವ್ಯವಸ್ಥೆಯ ಕೆಲಸ. ಇಲ್ಲದ ಹಿಡಿತವನ್ನು ಅದು ತಂದುಕೊಡಲಾರದು.

ಜಾರುವ ಕಾರಿನ ಚಿತ್ರದ ಹಳದಿ ದೀಪಕ್ಕೆ ಏನರ್ಥ?

ಮಿಟುಕುತ್ತಿದ್ದರೆ ವ್ಯವಸ್ಥೆ ಆ ಕ್ಷಣದಲ್ಲಿ ಕೆಲಸ ಮಾಡುತ್ತಿದೆ. ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿ. ಚಿತ್ರದ ಕೆಳಗೆ 'ಆಫ್' ಎಂಬ ಅಕ್ಷರ ಇದ್ದರೆ ಯಾರೋ ಗುಂಡಿ ಒತ್ತಿ ನಿಲ್ಲಿಸಿದ್ದಾರೆ. 'ಆಫ್' ಇಲ್ಲದೆ ಸ್ಥಿರವಾಗಿ ಉರಿಯುತ್ತಿದ್ದರೆ ದೋಷ. ಅದಕ್ಕೆ ಮುಂದೆ ಬೇರೆ ಪ್ರಶ್ನೆ ಇದೆ.

ಅನೇಕ ಕಾರುಗಳಲ್ಲಿ ಗುಂಡಿಯನ್ನು ಒಮ್ಮೆ ಒತ್ತಿದರೆ ಟ್ರ್ಯಾಕ್ಷನ್ ಕಂಟ್ರೋಲ್ ಮಾತ್ರ ನಿಲ್ಲುತ್ತದೆ. ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಸ್ಟೆಬಿಲಿಟಿ ಕಂಟ್ರೋಲೂ ನಿಲ್ಲುತ್ತದೆ. ಹೂತ ಕಾರು ತೆಗೆಯಲು ಮೊದಲನೆಯದೇ ಸಾಕು. ಗುಂಡಿ ಕಾಣದಿದ್ದರೆ ಪರದೆಯ ವಾಹನ ಸೆಟ್ಟಿಂಗ್ಸ್ ಒಳಗೆ ಹುಡುಕಿ. ಇದನ್ನು ಮನೆಯಂಗಳದಲ್ಲೇ ನೋಡಿಟ್ಟುಕೊಳ್ಳಿ, ಕೆಸರಿನಲ್ಲಿ ಸಿಕ್ಕಿಬಿದ್ದ ಮೇಲೆ ಹುಡುಕುವಂತಾಗಬಾರದು.

ಮಳೆಗಾಲದಲ್ಲಿ ಆಫ್ ಮಾಡಿ ಓಡಿಸಿದರೆ ಪಿಕಪ್ ಚೆನ್ನಾಗಿರುತ್ತದೆ ಎನ್ನುತ್ತಾರಲ್ಲ?

ಖಂಡಿತ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳೇ ಇದರ ನಿಜವಾದ ದುಡಿಮೆಯ ಕಾಲ. ಆಫ್ ಮಾಡಿದಾಗ ಕಾರು ಚುರುಕಾದಂತೆ ಅನಿಸುವುದು ಚಕ್ರ ಸುತ್ತುವ ಸದ್ದಿನಿಂದ. ಸುತ್ತುವ ಚಕ್ರ ಹಿಡಿದ ಚಕ್ರಕ್ಕಿಂತ ಕಡಿಮೆ ತಳ್ಳುತ್ತದೆ. ಮುಂದಿನ ಚಕ್ರ ಓಡಿಸುವ ಕಾರಿನಲ್ಲಿ ಇನ್ನೊಂದು ಅಪಾಯವಿದೆ: ಸುತ್ತುವ ಮುಂಚಕ್ರಕ್ಕೆ ತಿರುಗಿಸುವ ಶಕ್ತಿ ಉಳಿದಿರುವುದಿಲ್ಲ. ನೀವು ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರವಾಗಿ ಹೋಗುತ್ತದೆ. ಚೆರ್ಕಳ–ಜಾಲ್ಸೂರು ರಸ್ತೆಯ ತಿರುವುಗಳಲ್ಲಿ ಹಾಗೆ ನೇರ ಹೋಗಲು ಜಾಗವಿಲ್ಲ.

ಮೊದಲ ಮಳೆಯ ದಿನ ಇನ್ನೂ ಜಾಗ್ರತೆ ಬೇಕು. ಬೇಸಿಗೆಯಿಡೀ ಡಾಮರಿನ ಮೇಲೆ ಕೂತ ಎಣ್ಣೆ, ಟೈರಿನ ಪುಡಿ, ಕೆಂಪು ಧೂಳು ಸೇರಿ ತೆಳ್ಳನೆಯ ಜಾರು ಪದರ ಆಗುತ್ತದೆ. ಜೋರು ಮಳೆ ಅದನ್ನು ತೊಳೆಯುವ ತನಕ ಹಿಡಿತ ತೀರಾ ಕಡಿಮೆ.

ನಮ್ಮ ಮನೆಯ ಕಾಂಕ್ರೀಟ್ ಏರಿನಲ್ಲಿ ಕಾರು ಅರ್ಧದಲ್ಲೇ ನಿಂತುಬಿಡುತ್ತದೆ. ಎಷ್ಟು ಒತ್ತಿದರೂ ಎಂಜಿನ್ ಏಳುವುದಿಲ್ಲ. ಕಾರಿನದೇ ದೋಷವೇ?

ಅಲ್ಲ. ಆಟಿ ತಿಂಗಳಿನಲ್ಲಿ (ಜುಲೈ–ಆಗಸ್ಟ್) ಈ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಬರುತ್ತದೆ. ಏರು ಹತ್ತುವಾಗ ಕಾರಿನ ತೂಕ ಹಿಂದಕ್ಕೆ ಸರಿಯುತ್ತದೆ, ಮುಂಚಕ್ರದ ಮೇಲಿನ ಒತ್ತಡ ಇಳಿಯುತ್ತದೆ. ಅದರ ಕೆಳಗೆ ಹಾವಸೆ. ಚಕ್ರ ಜಾರುತ್ತದೆ, ವ್ಯವಸ್ಥೆ ಎಂಜಿನ್ನಿನ ಬಲ ಕಡಿಯುತ್ತದೆ, ಇದ್ದ ಓಟವೂ ಹೋಗಿ ಕಾರು ನಿಲ್ಲುತ್ತದೆ.

ಹತ್ತುವ ಮೊದಲೇ ಕೆಳಗಿನ ಸಮತಟ್ಟಿನಲ್ಲಿ ನಿಲ್ಲಿಸಿ. ಆಟೋಮ್ಯಾಟಿಕ್ ಆದರೆ ಮ್ಯಾನುಯಲ್ ಮೋಡಿನಲ್ಲಿ 1ನೇ ಗೇರ್ ಅಥವಾ 'ಎಲ್' ಹಾಕಿ, ನಡುವೆ ಗೇರ್ ಬದಲಾಗಿ ಬಲ ತುಂಡಾಗಬಾರದು. ಸ್ಪೋರ್ಟ್ ಮೋಡ್ ಬೇಡ. ಅದರಲ್ಲಿ ಪೆಡಲ್ ಸ್ವಲ್ಪ ಒತ್ತಿದರೂ ಬಲ ಜಿಗಿಯುತ್ತದೆ. ಸ್ಟಿಯರಿಂಗ್ ನೇರ ಇರಲಿ. ಪೆಡಲನ್ನು ಸುಮಾರು ಕಾಲುಭಾಗ ಒತ್ತಿ ಹಾಗೆಯೇ ಹಿಡಿಯಿರಿ, ಮೇಲಕ್ಕೆ ಮುಟ್ಟುವ ತನಕ ಒತ್ತಡ ಬದಲಿಸಬೇಡಿ. ದೀಪ ಮಿಟುಕಿ ವೇಗ ಇಳಿದರೆ ಪೆಡಲ್ ತಳಮುಟ್ಟ ತುಳಿಯಬೇಡಿ, ಒಂದಿಷ್ಟು ಬಿಡಿ; ಚಕ್ರ ಮತ್ತೆ ಹಿಡಿದೀತು.

ನಿಂತೇ ಹೋದರೆ ಬ್ರೇಕ್ ಹಿಡಿದು, ರಿವರ್ಸ್ ಹಾಕಿ, ಸ್ಟಿಯರಿಂಗ್ ತಿರುಗಿಸದೆ ಬಂದ ದಾರಿಯಲ್ಲೇ ಕೆಳಗಿಳಿಯಿರಿ. ನ್ಯೂಟ್ರಲಿನಲ್ಲಿ ಇಳಿಸಬೇಡಿ. ಹಿಂದಿನ ಸೀಟಿನವರನ್ನು, ಡಿಕ್ಕಿಯ ಅಡಿಕೆ ಮೂಟೆಯನ್ನು ಇಳಿಸಿ ಮತ್ತೆ ಪ್ರಯತ್ನಿಸಿ. ಹಿಂದೆ ಭಾರ ಕಡಿಮೆಯಾದಷ್ಟೂ ಮುಂಚಕ್ರಕ್ಕೆ ಹಿಡಿತ. ಅದೂ ಆಗದಿದ್ದರೆ, ಬದಿಯಲ್ಲಿ ಕುಸಿತ ಅಥವಾ ತೋಡು ಇಲ್ಲದ ಏರಾದರೆ ಮಾತ್ರ, ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ ಒಮ್ಮೆ ಹತ್ತಿಸಿ ನೋಡಬಹುದು. ಸಡಿಲ ಜಲ್ಲಿಯ ಏರಿನಲ್ಲಿ ಇದು ಚೆನ್ನಾಗಿ ಫಲಿಸುತ್ತದೆ: ಚಕ್ರ ಸುತ್ತಿ ಜಲ್ಲಿ ಸರಿಸಿ ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಹಾವಸೆಯ ಕಾಂಕ್ರೀಟಿನಲ್ಲಿ ಫಲಿಸುವುದು ಕಡಿಮೆ, ಕಾರು ಓರೆಯಾಗುವ ಸಂಭವ ಹೆಚ್ಚು.

ನಿಜವಾದ ಪರಿಹಾರ ನೆಲದಲ್ಲಿದೆ. ಮಳೆ ಬಿಟ್ಟ ದಿನ ಗಟ್ಟಿ ಬ್ರಷ್ಷಿನಿಂದ ಚಕ್ರ ಓಡುವ ಎರಡು ಪಟ್ಟಿಗಳನ್ನಾದರೂ ಉಜ್ಜಿ. ಬ್ಲೀಚಿಂಗ್ ಪೌಡರ್ ಹಾಕಿದರೆ ಆ ನೀರು ಬಾವಿಗೂ ತೋಡಿಗೂ ಅಡಿಕೆ ಬುಡಕ್ಕೂ ಹರಿಯದಂತೆ ನೋಡಿಕೊಳ್ಳಿ. ಹೊಸ ಕಾಂಕ್ರೀಟ್ ಹಾಕಿಸುವವರು ಹಸಿ ಇರುವಾಗಲೇ ಓರೆ ಗೀರುಗಳನ್ನು ಹಾಕಿಸಿ. ನೀರು ಬದಿಗೆ ಹರಿಯುತ್ತದೆ, ಟೈರಿಗೆ ಅಂಚು ಸಿಗುತ್ತದೆ.

ಕಾರು ಕೆಸರಿನಲ್ಲಿ ಅಥವಾ ಕಡಲ ಬದಿಯ ಹೊಯ್ಗೆಯಲ್ಲಿ ಹೂತುಹೋಗಿದೆ. ಈಗ ಆಫ್ ಮಾಡಬೇಕೇ?

ಇಳಿದು ನೋಡಿ. ಉತ್ತರ ಎಷ್ಟು ಚಕ್ರ ಸುತ್ತುತ್ತಿದೆ ಎನ್ನುವುದರ ಮೇಲಿದೆ.

ಒಂದು ಚಕ್ರ ಮಾತ್ರ ಚರಂಡಿಗೆ ಇಳಿದು ಸುತ್ತುತ್ತಿದ್ದು ಇನ್ನೊಂದು ಗಟ್ಟಿ ನೆಲದಲ್ಲಿದ್ದರೆ ಟ್ರ್ಯಾಕ್ಷನ್ ಕಂಟ್ರೋಲ್ ಆನ್ ಇರಲಿ. ಪೆಡಲ್ ಒಂದೇ ಸಮನೆ ಹಿಡಿಯಿರಿ. ಬ್ರೇಕ್ ಸುತ್ತುವ ಚಕ್ರವನ್ನು ಹಿಡಿದಾಗ ಕಟಕಟ ಸದ್ದು ಬರುತ್ತದೆ, ಹೆದರಬೇಡಿ. ಇಲ್ಲಿ ಆಫ್ ಮಾಡುವುದೇ ಹೆಚ್ಚಿನವರು ಮಾಡುವ ತಪ್ಪು.

ಎಂಜಿನ್ ಓಡಿಸುವ ಎರಡೂ ಚಕ್ರ ಹೂತಿದ್ದರೆ ಮಾತ್ರ ಆಫ್. ಹೊಯ್ಗೆಯಲ್ಲೂ ಆಳ ಕೆಸರಿನಲ್ಲೂ ಚಕ್ರ ಸ್ವಲ್ಪ ಸುತ್ತಲೇಬೇಕು. ವ್ಯವಸ್ಥೆ ಬಲ ಕಡಿದರೆ ಕಾರು ಅಲ್ಲಾಡುವುದೇ ಇಲ್ಲ. ಕ್ರಮ ಹೀಗಿರಲಿ:

1. ಹೂತಿತು ಎಂದು ಗೊತ್ತಾದ ಕ್ಷಣ ಆಕ್ಸಿಲರೇಟರ್ ಬಿಡಿ. ಪ್ರತಿ ಸುತ್ತಿಗೂ ಹೊಂಡ ಆಳವಾಗುತ್ತದೆ; ಹೊಟ್ಟೆ ನೆಲಕ್ಕೆ ತಾಗಿದರೆ ಯಾವ ಗುಂಡಿ ಒತ್ತಿಯೂ ಪ್ರಯೋಜನವಿಲ್ಲ.
2. ಎಲ್ಲರೂ ಇಳಿಯಲಿ. ಸ್ಟಿಯರಿಂಗ್ ನೇರ ಮಾಡಿ. ಚಕ್ರದ ಮುಂದೆ ಮತ್ತು ಹಿಂದೆ ಇಳಿಜಾರಾಗುವಂತೆ ಮಣ್ಣು ತೋಡಿ.
3. ಗೋಣಿಚೀಲ, ಜಲ್ಲಿ ಅಥವಾ ತೆಂಗಿನ ಮಡಲನ್ನು ಚಕ್ರದ ಅಡಿಗೆ ಬಿಗಿಯಾಗಿ ತುರುಕಿ. ಚಕ್ರ ಸುತ್ತಿದರೆ ಇವು ಗುಂಡಿನಂತೆ ಹಾರುತ್ತವೆ. ಕಾರಿನ ಮುಂದೆಯಾಗಲಿ ಹಿಂದೆಯಾಗಲಿ ಚಕ್ರದ ನೇರಕ್ಕೆ ಯಾರೂ ನಿಲ್ಲಬಾರದು.
4. ಹೊಯ್ಗೆಯಾದರೆ ಟೈರಿನ ಗಾಳಿಯನ್ನು 18ರಿಂದ 20 ಪಿ.ಎಸ್.ಐ.ಗೆ ಇಳಿಸಿ. ಟೈರ್ ಅಗಲವಾಗಿ ಹರಡಿ ಮೇಲೆ ನಿಲ್ಲುತ್ತದೆ. ಗಟ್ಟಿ ರಸ್ತೆಗೆ ಬಂದ ಮೇಲೆ ಗಾಳಿ ತುಂಬುವ ತನಕ ನಿಧಾನವಾಗಿಯೇ ಹೋಗಬೇಕು, ಜೋರಾಗಿ ತಿರುಗಿಸಬಾರದು.
5. ಗುಂಡಿ ಒತ್ತಿ ಆಫ್ ಮಾಡಿ. 2ನೇ ಗೇರಿನಲ್ಲಿ, ಅಥವಾ ಬಂದ ದಾರಿಯೇ ಗಟ್ಟಿಯಾಗಿದ್ದರೆ ರಿವರ್ಸಿನಲ್ಲಿ, ಮೆಲ್ಲಗೆ ಎಬ್ಬಿಸಿ.
6. ಹಿಂದೆ ಮುಂದೆ ತೂಗಬೇಕಾದರೆ ಡಿ ಮತ್ತು ಆರ್ ನಡುವೆ ಚಕ್ರ ಪೂರ್ತಿ ನಿಂತ ಮೇಲೆಯೇ ಲಿವರ್ ಸರಿಸಿ. ನಾಲ್ಕೈದು ಸಲಕ್ಕೆ ಬಾರದಿದ್ದರೆ ನಿಲ್ಲಿಸಿ, ಗೇರ್‌ಬಾಕ್ಸ್ ಆರಲು ಬಿಡಿ.

ಸ್ಪೀಡೋಮೀಟರ್ ನೋಡುತ್ತಿರಿ. ಒಂದು ಚಕ್ರ ನಿಂತು ಇನ್ನೊಂದು ಸುತ್ತುವಾಗ, ಸುತ್ತುವ ಚಕ್ರದ ವೇಗ ಮೀಟರ್ ತೋರಿಸುವುದರ ಎರಡು ಪಾಲು ಇರಬಹುದು. ಮೀಟರಿನಲ್ಲಿ 50 ಎಂದರೆ ಆ ಟೈರ್ 100ರ ವೇಗದಲ್ಲಿ ಒಂದೇ ಜಾಗದಲ್ಲಿ ಉಜ್ಜುತ್ತಿದೆ. ಟೈರ್ ಒಡೆಯುವುದೂ ಡಿಫರೆನ್ಷಿಯಲ್ ಹೋಗುವುದೂ ಹೀಗೆಯೇ.

ಹ್ಯಾಂಡ್‌ಬ್ರೇಕ್ ಅರ್ಧ ಎಳೆದರೆ ಹೊರಗೆ ಬರುತ್ತದೆ ಎಂಬ ಸಲಹೆ ಮುಂಚಕ್ರದ ಕಾರಿಗೆ ಸಲ್ಲದು. ಅದರ ಹ್ಯಾಂಡ್‌ಬ್ರೇಕ್ ಹಿಂಚಕ್ರವನ್ನು ಹಿಡಿಯುವುದು. ಕಾರು ಇನ್ನೂ ಬಿಗಿಯುತ್ತದೆ.

ಆಫ್ ಮಾಡಿ ಮರೆತರೆ?

ಹೆಚ್ಚಿನ ಕಾರುಗಳಲ್ಲಿ ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗ ತಾನಾಗಿ ಆನ್ ಆಗುತ್ತದೆ. ಕೆಲವು ನಿರ್ದಿಷ್ಟ ವೇಗ ದಾಟಿದಾಗಲೂ ಆನ್ ಆಗುತ್ತವೆ. ಅದನ್ನು ನಂಬಿ ಕೂರಬೇಡಿ. ಗಟ್ಟಿ ನೆಲ ಮುಟ್ಟಿದ ಕೂಡಲೇ ಗುಂಡಿ ಒತ್ತಿ, ದೀಪ ಆರಿದ್ದನ್ನು ನೋಡಿ ಹೊರಡಿ.

ಸ್ಪೋರ್ಟ್ ಮೋಡ್ ಒತ್ತಿದರೆ ಎಂಜಿನ್ ಪವರ್ ಹೆಚ್ಚುತ್ತದೆಯೇ?

ಸಾಮಾನ್ಯ ಕಾರುಗಳಲ್ಲಿ ಇಲ್ಲ. ಪೆಡಲ್ ಪೂರ್ತಿ ಒತ್ತಿದರೆ ನಾರ್ಮಲ್ ಮೋಡಿನಲ್ಲೂ ಅಷ್ಟೇ ಪವರ್. ಬದಲಾಗುವುದು ಮೂರು: ಪೆಡಲಿನ ಸ್ವಲ್ಪ ಒತ್ತಡಕ್ಕೇ ಥ್ರಾಟಲ್ ಹೆಚ್ಚು ತೆರೆಯುತ್ತದೆ, ಗೇರ್‌ಬಾಕ್ಸ್ ಮೇಲಿನ ಗೇರಿಗೆ ತಡವಾಗಿ ಏರಿ ಕೆಳಗಿನ ಗೇರಿಗೆ ಬೇಗ ಇಳಿಯುತ್ತದೆ, ಕೆಲವು ಕಾರುಗಳಲ್ಲಿ ಸ್ಟಿಯರಿಂಗ್ ಬಿಗಿಯಾಗುತ್ತದೆ. ಎಂಜಿನ್ ಹೆಚ್ಚು ಆರ್.ಪಿ.ಎಂ.ನಲ್ಲೇ ಇರುವುದರಿಂದ ಬಲ ತಕ್ಷಣ ಸಿಗುತ್ತದೆ, ಇಂಧನವೂ ಹೆಚ್ಚು ಹೋಗುತ್ತದೆ. ಕೆಲವು ಕಾರುಗಳಲ್ಲಿ ಇದಕ್ಕೆ ಪವರ್ ಎಂಬ ಹೆಸರು, ಕೆಲವದರಲ್ಲಿ ಗೇರ್ ಲಿವರನ್ನೇ 'ಎಸ್' ಕಡೆಗೆ ಸರಿಸಬೇಕು.

ಹಾಗಾದರೆ ಅದು ಯಾವಾಗ ನಿಜವಾಗಿ ಬೇಕು?

ಸರ್ವಿಸ್ ರಸ್ತೆಯಿಂದ ಷಟ್ಪಥಕ್ಕೆ ಸೇರುವಾಗ. ಹಿಂದಿನಿಂದ 80–90ರಲ್ಲಿ ಬರುವ ವಾಹನಗಳ ನಡುವೆ 40ರಲ್ಲಿ ನುಗ್ಗುವುದು ಅಪಾಯ. ಸೇರುವ ಪಟ್ಟಿ ಮುಗಿಯುವುದರೊಳಗೆ ಅವರ ವೇಗಕ್ಕೆ ಹತ್ತಿರವಾಗಬೇಕು. ಸರ್ವಿಸ್ ರಸ್ತೆಯಲ್ಲಿರುವಾಗಲೇ ಮೋಡ್ ಬದಲಿಸಿ, ಸೇರಿದ ಮೇಲೆ ನಾರ್ಮಲ್‌ಗೆ ತನ್ನಿ.

ಎರಡನೆಯದು ಓವರ್‌ಟೇಕ್. ಬೋವಿಕ್ಕಾನ, ಮುಳ್ಳೇರಿಯ ಕಡೆಯ ದಾರಿಯಲ್ಲಿ ಬಸ್ಸಿನ ಹಿಂದೆ ಸಿಕ್ಕಿದಾಗ ನೇರ ದಾರಿ ಸಿಗುವುದು ಕೆಲವೇ ಸೆಕೆಂಡ್. ನಾರ್ಮಲ್ ಮೋಡಿನಲ್ಲಿ ಪೆಡಲ್ ಒತ್ತಿದ ಮೇಲೆ ಗೇರ್‌ಬಾಕ್ಸ್ ಯೋಚಿಸಿ ಎರಡು ಗೇರ್ ಇಳಿಯುವಷ್ಟರಲ್ಲಿ ಅವಕಾಶ ಮುಗಿದಿರುತ್ತದೆ. ಮೊದಲೇ ಸ್ಪೋರ್ಟ್ ಹಾಕಿದರೆ, ಅಥವಾ ಸ್ಟಿಯರಿಂಗಿನ ಹಿಂದೆ ಗೇರ್ ಬದಲಿಸಲು ಇರುವ ಪ್ಯಾಡಲಿನಿಂದ ಒಂದು ಗೇರ್ ಇಳಿಸಿಟ್ಟರೆ, ಆ ತಡ ಇರುವುದಿಲ್ಲ. ಎದುರಿನ ದಾರಿ ಪೂರ್ತಿ ಕಾಣದಿದ್ದರೆ ಯಾವ ಮೋಡೂ ನಿಮ್ಮನ್ನು ಕಾಯದು.

ಮೂರನೆಯದು, ಒಣ ಡಾಮರಿನ ಉದ್ದ ಏರು. ನಾರ್ಮಲ್ ಮೋಡಿನಲ್ಲಿ ಗೇರ್‌ಬಾಕ್ಸ್ 3 ಮತ್ತು 4ರ ನಡುವೆ ಹೋಗಿ ಬಂದು ಮಾಡುತ್ತಿದ್ದರೆ ಸ್ಪೋರ್ಟ್ ಅಥವಾ ಮ್ಯಾನುಯಲಿನಲ್ಲಿ 3ರಲ್ಲೇ ನಿಲ್ಲಿಸಿ. ಪದೇ ಪದೇ ಗೇರ್ ಬದಲಾಗುವುದೇ ಗೇರ್‌ಬಾಕ್ಸ್ ಎಣ್ಣೆಯನ್ನು ಬಿಸಿ ಮಾಡುವುದು.

ಒದ್ದೆ ರಸ್ತೆಯಲ್ಲಿ ಸ್ಪೋರ್ಟ್ ಬೇಡ. ಮಳೆಯಲ್ಲಿ ನಾರ್ಮಲ್ ಅಥವಾ ಇಕೋ ಸಾಕು, ಪೆಡಲಿಗೆ ಸೌಮ್ಯವಾದ ಪ್ರತಿಕ್ರಿಯೆಯೇ ಅಲ್ಲಿ ಬೇಕಾದದ್ದು.

ಪಾಣತ್ತೂರಿನಿಂದ ಕರಿಕೆ, ಭಾಗಮಂಡಲ ಕಡೆ ಹೋಗಿ ಬರುವಾಗ ಇಳಿಜಾರಿನಲ್ಲಿ ಯಾವ ಗೇರ್?

ಹತ್ತುವುದಕ್ಕಿಂತ ಇಳಿಯುವುದರಲ್ಲಿ ಗೇರ್ ಆಯ್ಕೆ ಮುಖ್ಯ. ಜನ ಪ್ಯಾಡಲನ್ನು ವೇಗಕ್ಕಾಗಿ ಇದೆ ಎಂದುಕೊಳ್ಳುತ್ತಾರೆ. ನಮ್ಮ ಕಡೆ ಅದರ ಉತ್ತಮ ಉಪಯೋಗ ಇಳಿಜಾರಿನಲ್ಲಿ.

ಡಿ ಯಲ್ಲಿ ಬಿಟ್ಟು ಬ್ರೇಕನ್ನೇ ಒತ್ತುತ್ತ ಇಳಿದರೆ ಪ್ಯಾಡ್, ಡಿಸ್ಕ್ ಕಾದು, ಬ್ರೇಕ್ ಫ್ಲೂಯಿಡ್‌ಗೂ ಬಿಸಿ ತಲುಪುತ್ತದೆ. ಹೊಸ ಡಾಟ್ 4 ದರ್ಜೆಯ ಫ್ಲೂಯಿಡ್ ಕುದಿಯುವ ಮಟ್ಟ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್. ತೇವಾಂಶ ಹೀರಿದ ಫ್ಲೂಯಿಡ್‌ಗೆ ಆ ಮಾನದಂಡ 155 ಡಿಗ್ರಿ ಮಾತ್ರ. ಕಡಲ ತೀರದ ಗಾಳಿಯಲ್ಲಿ ತೇವಾಂಶಕ್ಕೆ ಕೊರತೆಯೇ ಇಲ್ಲ. ಫ್ಲೂಯಿಡ್ ಕುದಿದು ಆವಿಯ ಗುಳ್ಳೆ ಆದರೆ ಪೆಡಲ್ ಸ್ಪಂಜಿನಂತೆ ಒಳಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಫ್ಲೂಯಿಡ್ ಬದಲಿಸಿ.

ಇಳಿಜಾರು ಶುರುವಾಗುವ ಮೊದಲೇ ಮ್ಯಾನುಯಲ್ ಮೋಡಿಗೆ ಬಂದು, ಹತ್ತಲು ಬೇಕಾಗುವ ಗೇರಿನಲ್ಲೇ ಇಳಿಯಿರಿ. ಕಡಿದಾದ ತಿರುವುಗಳಲ್ಲಿ ಸಾಮಾನ್ಯವಾಗಿ 2. ಪೆಟ್ರೋಲ್ ಕಾರಿನಲ್ಲಿ ಎಂಜಿನ್ 2,500ರಿಂದ 3,500 ಆರ್.ಪಿ.ಎಂ. ಇದ್ದರೆ ಸದ್ದು ಜೋರಾದರೂ ಹಾನಿಯಿಲ್ಲ. ಪೆಡಲ್ ಬಿಟ್ಟಾಗ ಇಂಜೆಕ್ಟರ್‌ಗಳು ಇಂಧನ ನಿಲ್ಲಿಸುವುದರಿಂದ ಪೆಟ್ರೋಲೂ ಖರ್ಚಾಗುವುದಿಲ್ಲ. ಬ್ರೇಕನ್ನು ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿ, ಉದ್ದಕ್ಕೂ ಸವರುತ್ತ ಹೋಗಬೇಡಿ.

ಒದ್ದೆಯಲ್ಲಿ ಒಂದೊಂದೇ ಗೇರ್ ಇಳಿಸಿ. 4ರಿಂದ ನೇರ 2ಕ್ಕೆ ಎಳೆದರೆ ಎಂಜಿನ್ನಿನ ತಡೆಯೇ ಚಕ್ರವನ್ನು ಜಾರಿಸಬಹುದು. ಟ್ರ್ಯಾಕ್ಷನ್ ಕಂಟ್ರೋಲ್ ಇರುವುದು ಮುಖ್ಯವಾಗಿ ವೇಗ ಹೆಚ್ಚಿಸುವಾಗಿನ ಜಾರುವಿಕೆಗೆ. ಈ ಬಗೆಯದನ್ನು ಸರಿಪಡಿಸುವ ವ್ಯವಸ್ಥೆ ಕೆಲವು ಕಾರುಗಳಲ್ಲಿ ಮಾತ್ರ ಇದೆ.

ಎ.ಎಂ.ಟಿ., ಡಿ.ಸಿ.ಟಿ., ಸಿ.ವಿ.ಟಿ.: ಎಲ್ಲಕ್ಕೂ ಇದೇ ನಿಯಮವೇ?

ಎ.ಎಂ.ಟಿ. ಎಂದರೆ ಯಂತ್ರವೇ ಕ್ಲಚ್ ತುಳಿಯುವ ಸಾಮಾನ್ಯ ಗೇರ್‌ಬಾಕ್ಸ್. ಏರಿನಲ್ಲಿ ಗೇರ್ ಬದಲಾಗುವಾಗ ಬಲ ಕ್ಷಣಕಾಲ ತುಂಡಾಗುತ್ತದೆ, ಆದ್ದರಿಂದ ಕಡಿದಾದ ಏರಿಗೆ ಮ್ಯಾನುಯಲ್ 1 ಕಡ್ಡಾಯ ಎಂದೇ ತಿಳಿಯಿರಿ. ಹಿಲ್ ಹೋಲ್ಡ್ ಇದ್ದರೂ ಅದು ಬ್ರೇಕ್ ಹಿಡಿಯುವುದು ಸುಮಾರು ಎರಡು ಸೆಕೆಂಡ್. ಆಮೇಲೆ ಹಿಂದಕ್ಕೆ ಉರುಳುತ್ತದೆ.

ಡಿ.ಸಿ.ಟಿ. ಎಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್. ಒಣ ಕ್ಲಚ್ಚಿನ ಡಿ.ಸಿ.ಟಿ.ಯಲ್ಲಿ ಏರಿನ ಟ್ರಾಫಿಕ್‌ನಲ್ಲಿ ಆಕ್ಸಿಲರೇಟರಿನಿಂದ ಕಾರನ್ನು ನಿಲ್ಲಿಸಿ ಹಿಡಿಯಬೇಡಿ, ಕ್ಲಚ್ ಸುಡುತ್ತದೆ. ಬ್ರೇಕ್ ಹಿಡಿದು ನಿಂತು, ಮುಂದೆ ಒಂದು ಕಾರಿನಷ್ಟು ಜಾಗವಾದ ಮೇಲೆ ಒಮ್ಮೆಗೇ ಸಾಗಿ. ಗೇರಿನ ಮೆಟ್ಟಿಲುಗಳೇ ಇಲ್ಲದ ಆಟೋಮ್ಯಾಟಿಕ್ ಆದ ಸಿ.ವಿ.ಟಿ.ಯಲ್ಲಿ ಇಳಿಜಾರಿಗೆ 'ಎಲ್', 'ಎಸ್' ಅಥವಾ 'ಬಿ' ಹಾಕಿದರೆ ಎಂಜಿನ್ ಬ್ರೇಕ್ ಸಿಗುತ್ತದೆ.

ಎಲೆಕ್ಟ್ರಿಕ್ ಕಾರಿಗೆ?

ಮೋಟರಿನ ಬಲ ಸೊನ್ನೆ ವೇಗದಲ್ಲೇ ಪೂರ್ತಿ ಸಿಗುವುದರಿಂದ ಟ್ರ್ಯಾಕ್ಷನ್ ಕಂಟ್ರೋಲ್ ಇನ್ನೂ ಅಗತ್ಯ. ಜಾರು ಇಳಿಜಾರಿನಲ್ಲಿ ರೀಜನ್ (ಪೆಡಲ್ ಬಿಟ್ಟಾಗ ಮೋಟರೇ ಕಾರನ್ನು ತಡೆದು ಬ್ಯಾಟರಿಗೆ ಚಾರ್ಜ್ ತುಂಬುವುದು) ಮಟ್ಟ ಕಡಿಮೆ ಇಡಿ. ಹೆಚ್ಚಿಟ್ಟರೆ ಪೆಡಲ್ ಬಿಟ್ಟ ಕೂಡಲೇ ಮೋಟರ್ ಓಡಿಸುವ ಚಕ್ರಗಳಿಗೆ ಮಾತ್ರ ತಡೆ ಬಿದ್ದು ಅವು ಜಾರಬಹುದು. ಬ್ಯಾಟರಿ ಪೂರ್ತಿ ತುಂಬಿದ್ದರೆ ರೀಜನ್ ಬಹಳ ಕಡಿಮೆಯಾಗುತ್ತದೆ, ಘಾಟಿಯ ಮೇಲಿನ ಊರಿನಲ್ಲಿ 100ಕ್ಕೆ ಚಾರ್ಜ್ ಮಾಡಿ ಇಳಿಯುವವರು ಇದನ್ನು ನೆನಪಿಡಿ.

ದೀಪ ಆರುವುದೇ ಇಲ್ಲ. ಏನು ಕೆಟ್ಟಿರಬಹುದು?

ಮೊದಲು ಖರ್ಚಿಲ್ಲದ್ದನ್ನು ನೋಡಿ. ಕೆಸರಿನಲ್ಲಿ ಬಹಳ ಹೊತ್ತು ಒದ್ದಾಡಿದ ಮೇಲೆ ದೀಪ ಬಂದಿದ್ದರೆ ಬ್ರೇಕ್ ಕಾದು ವ್ಯವಸ್ಥೆ ತನ್ನನ್ನು ತಾನೇ ನಿಲ್ಲಿಸಿಕೊಂಡಿರಬಹುದು. ಸ್ವಲ್ಪ ಹೊತ್ತು ಕಾರು ನಿಲ್ಲಿಸಿ ಬ್ರೇಕ್ ತಣಿಯಲು ಬಿಡಿ. ಬ್ಯಾಟರಿ ಕಳಚಿ ಹಾಕಿದ ಮೇಲೆ ಬಂದಿದ್ದರೆ ಸ್ಟಿಯರಿಂಗನ್ನು ಎಡತುದಿಯಿಂದ ಬಲತುದಿಗೆ ಪೂರ್ತಿ ತಿರುಗಿಸಿ, ಸ್ವಲ್ಪ ದೂರ ನೇರವಾಗಿ ಓಡಿಸಿ. ಅನೇಕ ಕಾರುಗಳಲ್ಲಿ ಸ್ಟಿಯರಿಂಗಿನ ಕೋನ ಅಳೆಯುವ ಸೆನ್ಸರ್ ತನ್ನ ನಡುಬಿಂದುವನ್ನು ಮತ್ತೆ ಕಲಿಯುತ್ತದೆ. ಹಿಂದಿನ ಬ್ರೇಕ್ ಲೈಟ್ ಉರಿಯುತ್ತದೆಯೇ ಯಾರಿಂದಲಾದರೂ ನೋಡಿಸಿ: ಪೆಡಲಿನ ಸ್ವಿಚ್ ಕೆಟ್ಟರೂ ಈ ದೀಪ ಬರುತ್ತದೆ.

ಆಮೇಲೆ ವೇಗ ಸೆನ್ಸರ್. ಕೆಂಪು ಮಣ್ಣು ಸೆನ್ಸರಿನ ತುದಿಯಲ್ಲಿ ಕಟ್ಟುವುದು, ಕನೆಕ್ಟರಿಗೆ ನೀರಿಳಿದು ಹಸಿರು ಕಿಲುಬು ಹಿಡಿಯುವುದು, ಇಲಿ ವಯರ್ ಕಡಿಯುವುದು, ಈ ಮೂರೂ ಇಲ್ಲಿ ಸಾಮಾನ್ಯ. ಸ್ಕ್ಯಾನರಿನಲ್ಲಿ ಯಾವ ಚಕ್ರ ಎಂದು ನೋಡಿಸದೆ ಸೆನ್ಸರ್ ಬದಲಿಸಲು ಒಪ್ಪಬೇಡಿ. ಚಕ್ರದ ಬೇರಿಂಗ್ ಹೊಸದಾಗಿ ಹಾಕಿದ ಮೇಲೆಯೇ ದೀಪ ಬಂದಿದ್ದರೆ ಬೇರಿಂಗನ್ನು ತಿರುಗುಮುರುಗಾಗಿ ಕೂರಿಸಿರಬಹುದು: ಅನೇಕ ಬೇರಿಂಗುಗಳ ಒಂದು ಬದಿಯಲ್ಲಿ ಮಾತ್ರ ಅಯಸ್ಕಾಂತದ ಪಟ್ಟಿ ಇರುತ್ತದೆ, ಅದು ಸೆನ್ಸರ್ ಕಡೆಗೆ ಇರಬೇಕು.

ಈ ದೀಪ ಮಾತ್ರ ಇದ್ದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ. ನಿಧಾನವಾಗಿ ವರ್ಕ್‌ಶಾಪ್ ತಲುಪಬಹುದು. ಜೊತೆಗೆ ಕೆಂಪು ಬ್ರೇಕ್ ದೀಪವೂ ಇದ್ದರೆ ಅಲ್ಲಿಯೇ ನಿಲ್ಲಿಸಿ, ಫ್ಲೂಯಿಡ್ ಮಟ್ಟ ನೋಡಿ.

ಎರಡು ಹೊಸ ಟೈರ್, ಎರಡು ಹಳೆಯದು. ತೊಂದರೆ ಇದೆಯೇ?

ಅಳತೆ ಒಂದೇ ಆಗಿದ್ದರೆ ವ್ಯವಸ್ಥೆ ಸಹಿಸಿಕೊಳ್ಳುತ್ತದೆ. ಬೇರೆ ಅಳತೆಯ ಟೈರ್ ಹಾಕಿದರೆ ಸುತ್ತಳತೆ ಬದಲಾಗಿ, ಚಕ್ರ ಜಾರದಿದ್ದರೂ ಜಾರಿದಂತೆ ಲೆಕ್ಕವಾಗುತ್ತದೆ. ಸುಮ್ಮನೆ ಬಲ ಕಡಿಯುತ್ತದೆ. ಚಿಕ್ಕ ಸ್ಪೇರ್ ಟೈರಿನಲ್ಲೂ ಹೀಗಾಗಬಹುದು. ಹೊಸ ಜೋಡಿ ಹಿಂದೆ ಇರಲಿ, ಮುಂಚಕ್ರದ ಕಾರಾದರೂ. ಮಳೆಯಲ್ಲಿ ಹಿಂಭಾಗ ಜಾರಿದರೆ ಸರಿಪಡಿಸುವುದು ಕಷ್ಟ.

ಗೀರಿನ ಆಳ 1.6 ಮಿ.ಮೀ. ಕಾನೂನಿನ ಕನಿಷ್ಠ. ಕಾಸರಗೋಡಿನ ಮಳೆಗೆ 3 ಮಿ.ಮೀ.ಗೇ ಬದಲಿಸಿ, ಅದೂ ಮೇ ತಿಂಗಳೊಳಗೆ. ಹೆದ್ದಾರಿಯಲ್ಲಿ ನಿಂತ ನೀರಿನ ಮೇಲೆ ಟೈರ್ ತೇಲತೊಡಗಿದರೆ ಟ್ರ್ಯಾಕ್ಷನ್ ಕಂಟ್ರೋಲಿಗೆ ಹಿಡಿಯಲು ನೆಲವೇ ಇರುವುದಿಲ್ಲ. ಆಗ ಬ್ರೇಕ್ ಮುಟ್ಟದೆ, ಸ್ಟಿಯರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಮೆಲ್ಲನೆ ಬಿಡಿ.

ಕಾರಿನಲ್ಲಿ ಸ್ಯಾಂಡ್, ಮಡ್, ಸ್ನೋ ಎಂಬ ಮೋಡ್‌ಗಳಿವೆ. ಇವೇ ಸಾಕಲ್ಲವೇ?

ಸಾಕು, ಗುಂಡಿ ಒತ್ತಿ ಪೂರ್ತಿ ಆಫ್ ಮಾಡುವುದಕ್ಕಿಂತ ಮೇಲು. ಸ್ಯಾಂಡ್, ಮಡ್ ಚಕ್ರವನ್ನು ಸ್ವಲ್ಪ ಹೆಚ್ಚು ಸುತ್ತಲು ಬಿಡುತ್ತವೆ. ಸ್ನೋ ಬಲವನ್ನು ಮೃದುವಾಗಿ ಕೊಡುತ್ತದೆ, ಹಲವು ಕಾರುಗಳಲ್ಲಿ 2ನೇ ಗೇರಿನಿಂದಲೇ ಹೊರಡುತ್ತದೆ. ಹಿಮವೇ ಬೀಳದ ನಮ್ಮೂರಿನಲ್ಲಿ ಹಾವಸೆಯ ಅಂಗಳಕ್ಕೂ ಒದ್ದೆ ಕಾಂಕ್ರೀಟಿಗೂ ಒಪ್ಪುವುದು ಅದೇ. ಇವು ಹೆಚ್ಚಾಗಿ ಮುಂಚಕ್ರದ ಕಾರಿನಲ್ಲೂ ಬರುತ್ತವೆ, ಆದರೆ ಅದರಿಂದ ಕಾರು ಫೋರ್ ವೀಲ್ ಡ್ರೈವ್ ಆಗುವುದಿಲ್ಲ.

ಹೂತ ಆಟೋಮ್ಯಾಟಿಕ್ ಕಾರನ್ನು ಜೀಪಿಗೆ ಕಟ್ಟಿ ಎಳೆಸಬಹುದೇ?

ಹೊಂಡದಿಂದ ಹೊರಗೆ ತರಲು ಕೆಲವು ಮೀಟರ್ ಎಳೆಯಬಹುದು: ಎಂಜಿನ್ ಚಾಲೂ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಬಂಪರಿನ ಚೌಕದ ಮುಚ್ಚಳ ತೆಗೆದು, ಟೂಲ್ ಕಿಟ್ಟಿನ ಕೊಂಡಿಯನ್ನು ಪೂರ್ತಿ ತಿರುಗಿಸಿ ಬಿಗಿಮಾಡಿ ಅದಕ್ಕೇ ಕಟ್ಟಿ. ಸಸ್ಪೆನ್ಷನ್ ತೋಳಿಗೆ ಕಟ್ಟಿದರೆ ಅಲೈನ್‌ಮೆಂಟ್ ಹೋಗುತ್ತದೆ. ಹಗ್ಗ ಮೊದಲು ಬಿಗಿಯಾಗಲಿ, ಆಮೇಲೆ ಎಳೆಯಲಿ; ಸಡಿಲ ಹಗ್ಗವನ್ನು ಜಗ್ಗಿದರೆ ತುಂಡಾಗಿ ಹಿಂದಕ್ಕೆ ಬಡಿಯುತ್ತದೆ. ಹಗ್ಗದ ಉದ್ದದಷ್ಟು ದೂರದೊಳಗೆ ಯಾರೂ ನಿಲ್ಲಬಾರದು. ರಸ್ತೆಯಲ್ಲಿ ದೂರ ಸಾಗಿಸಲು ಎಂಜಿನ್ ಓಡಿಸುವ ಚಕ್ರಗಳು ನೆಲಕ್ಕೆ ತಾಗದಂತೆ ಎತ್ತಿಯೋ ಲಾರಿಯ ಮೇಲೆ ಹೇರಿಯೋ ಒಯ್ಯಬೇಕು, ಏಕೆಂದರೆ ಎಂಜಿನ್ ನಿಂತಾಗ ಗೇರ್‌ಬಾಕ್ಸಿನ ಎಣ್ಣೆ ಪಂಪೂ ನಿಂತಿರುತ್ತದೆ.